ಅಕ್ಕನ ಪಾಲು

ಅತ್ತೆ ಮತ್ತು ಅವರ ಅಕ್ಕ ಒಂದು ಸೋಪನ್ನೂ ಇಡಿಯಾಗಿ ಬಳಸಿದವರಲ್ಲ. ಹೊಸ ಸೋಪು ಮನೆಗೆ ಬಂತೆಂದರೆ ಅತ್ತೆ ಹೊಲಿಗೆಯ ದಾರ ಎಳೆದು ಅದನ್ನು ಸರಿಯಾಗಿ ನಡುವೆ ಕೊಯ್ಯುತ್ತಿದ್ದರು. ಒಂದು ತುಂಡು ಬಚ್ಚಲಿಗೆ, ಇನ್ನೊಂದು ಎರಡು ಬೀದಿ ಆಚೆ ಇದ್ದ ಅಕ್ಕನ ಮನೆಗೆ. ಅಲ್ಲಿಂದ ಅರ್ಧ ಎಲೆಕೋಸು ಬರುತ್ತಿತ್ತು, ಅರ್ಧ ಕುಂಬಳಕಾಯಿ ಬರುತ್ತಿತ್ತು. ಬಡತನಕ್ಕೆ ಅಂದುಕೊಳ್ಳಬೇಡಿ. ಇಬ್ಬರೂ ಸೇರಿ ಅರ್ಧ ಆಯಸ್ಸು ಟೈಲರ್ ಅಂಗಡಿ ನಡೆಸಿ ಚೆನ್ನಾಗಿಯೇ ದುಡಿದವರು. ತಂಗಿ ಬಟ್ಟೆ ಕತ್ತರಿಸುವುದು, ಅಕ್ಕ ಹೊಲಿಯುವುದು. “ಒಂದೇ ಹೊಟ್ಟೇಲಿ ಹುಟ್ಟಿದೋರು ಹಂಚ್ಕೊಂಡು ತಿನ್ನದಿದ್ರೆ ಆ ಹೊಟ್ಟೆಗೇ ಅವಮಾನ” ಅನ್ನುವುದು ಅತ್ತೆಯ ಮಾತು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದೆಲ್ಲ ತಮಾಷೆಯಾಗಿ ಕಂಡಿತ್ತು. ಆಮೇಲೆ ಅಭ್ಯಾಸವಾಯಿತು.

ಕಡೆಗೆ ಕಾಯಿಲೆಯನ್ನೂ ಹಂಚಿಕೊಂಡರು. ಅಕ್ಕನ ಎದೆಯಲ್ಲಿ ಗಂಟು ಕಾಣಿಸಿ ಆಪರೇಷನ್ ಆದ ಮಾರನೇ ವರ್ಷ ತಂಗಿಗೂ ಅಂಥದೇ ಗಂಟು. “ಇದೊಂದನ್ನಾದ್ರೂ ನೀನೇ ಪೂರ್ತಿ ಇಟ್ಕೋಬಾರ್ದಾಗಿತ್ತೇನೇ ಅಕ್ಕಾ?” ಅಂತ ಆಸ್ಪತ್ರೆಯ ಮಂಚದ ಮೇಲೆ ಅತ್ತೆ ನಕ್ಕರು. ಅಕ್ಕನೂ ನಕ್ಕರು. ಮಂಚದ ಕಾಲ ಹತ್ತಿರ ನಿಂತಿದ್ದ ಸೊಸೆಗೆ ಮಾತ್ರ ನಗು ಬರಲಿಲ್ಲ. ಈ ಕಾಯಿಲೆ ಮುಂದೆ ಏನು ಮಾಡಬಲ್ಲದು ಅನ್ನುವುದು ಆ ಕೋಣೆಯಲ್ಲಿದ್ದವರಲ್ಲಿ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವಳ ಕೆಲಸವೇ ಅದು. ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಹಳದಿ ಸ್ಪಂಜಿನ ಹಿಂದೆ ಬಿದ್ದು ಅವಳಿಗೆ ಹತ್ತು ವರ್ಷದ ಮೇಲಾಗಿತ್ತು. ಅದು ಗಿಡವಲ್ಲ, ಪ್ರಾಣಿಯೇ. ಆದರೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ತನ್ನ ಮೈಮೇಲೆ ಬೇರೆ ಯಾವ ಜೀವವೂ ಬೇರು ಬಿಡದ ಹಾಗೆ ಒಂದು ರಸ ಮಾಡಿಕೊಂಡು ಬದುಕುತ್ತದೆ. ಆ ರಸದಲ್ಲಿರುವ ಒಂದೇ ಒಂದು ವಸ್ತುವನ್ನು ಬೇರೆ ಮಾಡಲು ಅವಳು ಮತ್ತವಳ ಜೊತೆಯವರು ಹಿಮಗಟ್ಟಿದ ಸ್ಪಂಜನ್ನು ಅರೆದರು, ಸ್ಪಿರಿಟ್ಟಿನಲ್ಲಿ ನೆನೆಸಿದರು, ಉದ್ದನೆಯ ಗಾಜಿನ ಕೊಳವೆಗಳಲ್ಲಿ ತೊಟ್ಟು ತೊಟ್ಟಾಗಿ ಇಳಿಸಿದರು. ಬಕೆಟ್ಟುಗಟ್ಟಲೆ ಅರೆದರೆ ಚಿಟಿಕೆಯಷ್ಟು ಸಿಗುತ್ತಿತ್ತು. ಆಮೇಲೆ ಸ್ಪಂಜಿನ ಹಂಗಿಲ್ಲದೆ ಅದನ್ನು ಲ್ಯಾಬಿನಲ್ಲೇ ತಯಾರಿಸುವುದನ್ನು ಕಲಿತರು. ಆ ವರ್ಷಗಳಲ್ಲಿ ಅವಳು ಮನೆಗೆ ಬಂದರೆ ಅತ್ತೆ ಮೂಗು ಮುಚ್ಚಿಕೊಂಡು, “ಬಂದಳು ನೋಡು ಮೀನಿನ ಮಾರ್ಕೆಟ್ಟು, ಮೊದ್ಲು ಕೈಗೆ ನಿಂಬೆಹುಳಿ ಹಚ್ಚು” ಅನ್ನುತ್ತಿದ್ದರು.

ಈಗ ಅದೇ ಅತ್ತೆ ಊಟದ ಮೇಜಿನ ಮುಂದೆ ಕುಳಿತು, ಅದೇ ವಿಷಯ ಕೇಳಿದರು. ಸೊಸೆ ತಟ್ಟೆ ಸರಿಸಿ ಹೇಳಿದಳು.

“ಗಂಟು ಕೂತಲ್ಲೇ ಕೂತಿದ್ರೆ ಅಷ್ಟು ಭಯ ಇಲ್ಲ ಅತ್ತೆ. ಅದರೊಳಗಿನ ಕಣಗಳು ಎದ್ದು, ರಕ್ತದ ಜೊತೆ ಹೊರಟು, ಶ್ವಾಸಕೋಶಕ್ಕೋ ಮೂಳೆಗೋ ಹೋಗಿ ಬಿಡಾರ ಹೂಡ್ತವಲ್ಲ, ಅದೇ ಅಪಾಯ. ನಮ್ಮ ಔಷಧಿ ಗಂಟನ್ನ ಕರಗಿಸಲ್ಲ. ಹೊರಟ ಕಣ ಇನ್ನೊಂದು ಕಡೆ ಹೋಗಿ ಊರದ ಹಾಗೆ ತಡೀಬಹುದು ಅಂತ ನಮ್ಮ ಆಸೆ.”

“ಕಾಲು ಮುರಿಯೋ ಔಷಧಿ ಅನ್ನು,” ಅಂದರು ಮಾವ. ಅವರು ಬಸ್ ಡ್ರೈವರಾಗಿ ನಿವೃತ್ತರಾದವರು; ಯಾವ ವಿಷಯವನ್ನೂ ಒಂದು ಸ್ಟಾಪಿಗಿಂತ ದೂರ ಎಳೆಯುವವರಲ್ಲ.

“ಹಿತ್ತಲ ಗಿಡ ಮದ್ದಲ್ಲ ಅಂತಾರೆ,” ಅಂದ ಗಂಡ, ಮೀನಿನ ಮುಳ್ಳು ಬಿಡಿಸುತ್ತ. ಅವನು ಫ್ರಿಡ್ಜ್ ರಿಪೇರಿ ಮಾಡುವವನು. “ನಮ್ಮಮ್ಮನಿಗೆ ಮನೆ ಸೊಸೇನೇ ಮದ್ದು ಮಾಡಿದ್ಲು ನೋಡು!”

ಎಲ್ಲರೂ ನಕ್ಕರು. ಆದರೆ ಔಷಧಿ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಆಗಷ್ಟೇ ಟ್ರಯಲ್ ಶುರುವಾಗುತ್ತಿತ್ತು. ಅತ್ತೆಯನ್ನು ಸೇರಿಸಿಕೊಂಡರು. ಸೊಸೆ ಮೊದಲೇ ಹೋಗಿ ‘ಇವರು ನನ್ನ ಅತ್ತೆ’ ಎಂದು ತಿಳಿಸಿದ್ದಕ್ಕೆ, ಟ್ರಯಲಿನ ಯಾವ ವಿವರವೂ ಅವಳ ಕೈಗೆ ಬರದ ಹಾಗೆ ನೋಡಿಕೊಂಡರು. ಅಲ್ಲಿನ ಡಾಕ್ಟರಮ್ಮ ಅತ್ತೆಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ನೋಡಲು ಅದೇ ಥರ ಇರುವ, ಬರೀ ಹಿಟ್ಟು ತುಂಬಿದ ಮಾತ್ರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರುವುದಿಲ್ಲ, ನಿಮ್ಮ ಸೊಸೆಗೂ ಗೊತ್ತಿರುವುದಿಲ್ಲ. ಅತ್ತೆ ತಲೆಯಾಡಿಸಿದರು, ಸಹಿ ಹಾಕಿದರು.

ಅಕ್ಕನನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಅವರಿಗೆ ಹಳೇ ಸಕ್ಕರೆ ಕಾಯಿಲೆ, ಕಿಡ್ನಿ ಸೋತಿತ್ತು. ಈ ಔಷಧಿ ಜಾಸ್ತಿಯಾದರೆ ಕಿಡ್ನಿಯ ಮೇಲೆಯೇ ಭಾರ ಹಾಕುತ್ತದೆ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಾದಿದ್ದ ಅಕ್ಕ, ಸೊಸೆಯ ಬಾಯಲ್ಲಿ ದೊಡ್ಡತ್ತೆ, “ಹೋಗ್ಲಿ ಬಿಡು, ನಿನಗಾದ್ರೂ ಸಿಕ್ತಲ್ಲ” ಅಂದರು. ಆ ದಿನ ಅತ್ತೆ ಊಟ ಮುಟ್ಟಲಿಲ್ಲ.

“ನೀನೊಂದು ಮಾತು ಹೇಳಿದ್ರೆ ಸೇರಿಸ್ಕೊಳ್ತಿರ್ಲಿಲ್ವಾ?”

“ಆಗಲ್ಲ ಅತ್ತೆ. ಅವರಿಗೆ ಅದು ವಿಷ ಆಗಬಹುದು.”

“ನನಗೆ ಔಷಧಿ, ಅವಳಿಗೆ ವಿಷವಾ? ಒಂದೇ ರಕ್ತ ಕಣೇ ನಮ್ದು.”

“ರಕ್ತ ಒಂದೇ, ಕಿಡ್ನಿ ಬೇರೆ ಬೇರೆ.”

ಅತ್ತೆ ಮತ್ತೆ ಆ ವಿಷಯ ಎತ್ತಲಿಲ್ಲ. ಮಾತು ಮುಗಿಯಿತು ಅಂದುಕೊಂಡಳು ಸೊಸೆ. ವಿದ್ಯಾವಂತರಿಗೆ ಇರುವ ಒಂದು ದಡ್ಡತನ ಇದು; ಎದುರಿಗಿದ್ದವರು ಸುಮ್ಮನಾದರೆ ಒಪ್ಪಿಕೊಂಡರು ಅಂದುಕೊಂಡುಬಿಡುತ್ತಾರೆ.

ದಿನಕ್ಕೆ ಎರಡು ಮಾತ್ರೆ. ಬೆಳಿಗ್ಗೆ ಗಂಜಿ ಕುಡಿದ ಮೇಲೆ ಒಂದು, ಸಂಜೆ ತಿಂಡಿಯ ಮೇಲೆ ಒಂದು. ಬೆಳಗಿನದನ್ನು ಅತ್ತೆ ಸೊಸೆಯ ಎದುರೇ ನುಂಗಿ, ಸ್ಕೂಲಿನ ಮಗುವಿನಂತೆ ನಾಲಿಗೆ ಚಾಚಿ ತೋರಿಸುತ್ತಿದ್ದರು. “ಹೋಯ್ತಾ ನೋಡು, ಇನ್ಸ್‌ಪೆಕ್ಟ್ರಮ್ಮ.” ಸಂಜೆಯ ಹೊತ್ತಿಗೆ ಸೊಸೆ ಇನ್ನೂ ಲ್ಯಾಬಿನಲ್ಲಿರುತ್ತಿದ್ದಳು. ಬಂದು ಕೇಳಿದರೆ “ಆಯ್ತಮ್ಮ, ಆಯ್ತು” ಅನ್ನುತ್ತಿದ್ದರು. ಖಾಲಿ ಪಟ್ಟಿಗಳು ಸರಿಯಾಗಿ ಆಸ್ಪತ್ರೆಗೆ ವಾಪಸಾಗುತ್ತಿದ್ದವು.

ಆ ವಾರಗಳಲ್ಲಿ ಮನೆ ಹಗುರವಾಗಿತ್ತು. ಅಷ್ಟು ವರ್ಷ ಸೊಸೆಯ ಕೆಲಸವನ್ನು ಮೀನಿನ ನಾತವೆಂದೇ ಕರೆದಿದ್ದ ಅತ್ತೆ ಈಗ ತರಕಾರಿಯವಳ ಹತ್ತಿರವೂ “ನನ್ನ ಸೊಸೆ ಕೈಯಾರೆ ಮಾಡಿದ ಔಷಧಿ” ಅಂತ ಹೇಳಿಕೊಳ್ಳುತ್ತಿದ್ದರು. ಅವಳು ಬರುವುದು ತಡವಾದರೆ ಮೀನಿನ ನಡುವಿನ ತುಂಡು ಎತ್ತಿಟ್ಟಿರುತ್ತಿದ್ದರು. ಈ ಮನೆಯಲ್ಲಿ ತನಗೂ ಒಂದು ಜಾಗ ಬಂತು ಎಂದು ಸೊಸೆಗೆ ಅನ್ನಿಸಿತು, ಅದಕ್ಕೆ ಹಿಗ್ಗಿದಳು ಕೂಡ. ಬೇಕಾದಷ್ಟು ಹಿಗ್ಗಿದಳು, ಪಾಪ.

ಒಂದು ಭಾನುವಾರ ಅರ್ಧ ಕುಂಬಳಕಾಯಿ ಹಿಡಿದು ಅವಳೇ ದೊಡ್ಡತ್ತೆಯ ಮನೆಗೆ ಹೋದಳು. ಯಾವಾಗಲೂ ಗಂಡನೇ ಸ್ಕೂಟರಿನಲ್ಲಿ ಹೋಗುತ್ತಿದ್ದ. ಅವತ್ತು ಯಾರದೋ ಹೋಟೆಲಿನ ದೊಡ್ಡ ಫ್ರಿಡ್ಜು ಕೆಟ್ಟಿದೆಯೆಂದು ಬೆಳಿಗ್ಗೆಯೇ ಹೊರಟಿದ್ದ. ದೊಡ್ಡತ್ತೆ ಕಾಲಿನ ಕೆಳಗೆ ದಿಂಬಿಟ್ಟುಕೊಂಡು ಮಲಗಿದ್ದರು. ಇವಳನ್ನು ಕಂಡದ್ದೇ ಎದ್ದು ಕೂರಲು ಒದ್ದಾಡಿ, ಎರಡೂ ಕೈ ಹಿಡಿದುಕೊಂಡರು.

“ಬಾ ನನ್ನ ತಾಯಿ, ಬಾ. ನಿನ್ನ ಋಣ ಯಾವ ಜನ್ಮಕ್ಕೆ ತೀರಿಸಲಿ ನಾನು?”

“ಕುಂಬಳಕಾಯಿಗಾ ದೊಡ್ಡತ್ತೆ?”

“ಕುಂಬಳಕಾಯಿಯಂತೆ! ಇಷ್ಟು ಚೆನ್ನಾಗಿ ನಾಟಕ ಆಡ್ತೀಯ. ಇಲ್ಲಿ ಯಾರಿದ್ದಾರೆ ಕೇಳಿಸ್ಕೊಳ್ಳೋಕೆ?” ದೊಡ್ಡತ್ತೆ ದನಿ ತಗ್ಗಿಸಿದರು. “ನೀನು ಕದ್ದು ಕಳಿಸದಿದ್ರೆ ನನಗೆಲ್ಲಿ ಸಿಗ್ತಿತ್ತು ಈ ಔಷಧಿ? ಕೆಲಸ ಹೋದ್ರೂ ಪರವಾಗಿಲ್ಲ ದೊಡ್ಡತ್ತೆ ಉಳೀಬೇಕು ಅಂದೆಯಂತೆ. ಹೇಳಿದ್ಲು ನನ್ನ ತಂಗಿ. ಈಗ ಕೆಮ್ಮೇ ಇಲ್ಲ ನೋಡು.”

ದಿಂಬಿನ ಕೆಳಗಿನಿಂದ ಒಂದು ಪುಟ್ಟ ಡಬ್ಬಿ ಬಂತು, ಗುಂಡಿ ಹಾಕಿಡುವಂಥದು. ಒಳಗೆ ಹಸಿರು-ಬಿಳಿ ಕ್ಯಾಪ್ಸೂಲ್‌ಗಳು. ಅವನ್ನು ಗುರುತಿಸಲು ಸೊಸೆ ಕನ್ನಡಕ ಹಾಕಿಕೊಳ್ಳಬೇಕಾಗಿರಲಿಲ್ಲ.

ಅವಳು ಬಗ್ಗಿ ದೊಡ್ಡತ್ತೆಯ ಕಾಲು ನೋಡಿದಳು. ಪಾದ ಊದಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿತ್ತು, ಕೈ ತೆಗೆದರೂ ಗುಳಿ ಹಾಗೇ ಇತ್ತು.

“ಎಷ್ಟು ದಿನದಿಂದ ಊದಿದೆ?”

“ನಿಂತು ಅಡುಗೆ ಮಾಡ್ತೀನಲ್ಲ, ಅದಕ್ಕೆ.”

“ಇದನ್ನ ಇನ್ನು ಒಂದೂ ತಗೋಬೇಡಿ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ.”

“ಅಯ್ಯೋ, ಯಾಕೆ? ನಿನಗೇನಾದ್ರೂ ತೊಂದ್ರೆ ಆಯ್ತೇನೇ? ಸಿಕ್ಕಿಬಿದ್ಯಾ?”

ಹೆಂಗಸು ತನ್ನ ಕಾಲಿಗೆ ಹೆದರಲಿಲ್ಲ. ಇವಳ ಕೆಲಸಕ್ಕೆ ಹೆದರಿದರು. ಸೊಸೆ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ಕೇಳಿದಳು, ಕೇಳದೆಯೂ ಗೊತ್ತಿತ್ತು. “ಯಾರು ತಂದುಕೊಡ್ತಾರೆ?”

“ಇನ್ಯಾರು? ನಿನ್ನ ಗಂಡ.”

ಮನೆಗೆ ಬಂದಾಗ ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದರು. ಮಾವ ರೇಡಿಯೋ ಕಿವಿಗೆ ಹಿಡಿದಿದ್ದರು. ಗಂಡ ಬಂದಿದ್ದ, ಊಟದ ಮೇಜಿನ ಮೇಲೆ ಹಳೇ ಫ್ರಿಡ್ಜಿನ ಥರ್ಮೋಸ್ಟಾಟ್ ಬಿಚ್ಚಿಕೊಂಡು ಕುಳಿತಿದ್ದ. ಸೊಸೆ ಡಬ್ಬಿಯನ್ನು ಅತ್ತೆಯ ಬದನೆಕಾಯಿಯ ಪಕ್ಕದಲ್ಲಿ ಇಟ್ಟಳು.

ಕತ್ತಿ ನಿಂತಿತು. ಅತ್ತೆ ಡಬ್ಬಿ ನೋಡಿದರು, ಸೊಸೆಯ ಮುಖ ನೋಡಿದರು, ಮತ್ತೆ ಹೆಚ್ಚತೊಡಗಿದರು.

“ಅವಳ ಪಾಲು ಅವಳಿಗೆ ಕೊಟ್ಟೆ. ಅದರಲ್ಲೇನಿದೆ?”

“ಅತ್ತೆ, ದೊಡ್ಡತ್ತೆ ಕಾಲು ಊದಿದೆ. ಕಿಡ್ನಿ ಕೆಟ್ಟಿರಬಹುದು.”

“ಮೊದ್ಲಿಂದ್ಲೂ ಊದತ್ತೆ ಅವಳಿಗೆ.”

“ಹೀಗೆ ಊದಿರಲಿಲ್ಲ! ನಾನು ಹೇಳಿದ್ದೆ, ವಿಷ ಆಗತ್ತೆ ಅಂತ. ಹೇಳಿದ್ನೋ ಇಲ್ವೋ?”

“ಹೇಳಿದ್ದೆ. ದಿನದ ಎರಡೂ ಮಾತ್ರೆ ತಿಂದ್ರೆ ತಾನೇ? ಅರ್ಧಕ್ಕೆ ಏನಾಗತ್ತೆ?”

“ಅದು ಸೋಪಲ್ಲ ಅತ್ತೆ!”

ಮಾವ ರೇಡಿಯೋದ ದನಿ ತಗ್ಗಿಸಿದರು. ಸೊಸೆ ಅವರ ಕಡೆ ತಿರುಗಿದಳು. “ನಿಮಗೂ ಗೊತ್ತಿತ್ತಾ ಮಾವ?”

“ನಾನು ಡ್ರೈವರ್ ಕಣಮ್ಮ,” ಅಂದರು ಮಾವ, ಎಲ್ಲೋ ನೋಡುತ್ತ. “ಹಿಂದೆ ಸೀಟಲ್ಲಿ ಕೂತೋರು ಏನು ಕೊಟ್ರು ಏನು ತಗೊಂಡ್ರು ನೋಡೋದು ಕಂಡಕ್ಟರ್ ಕೆಲಸ.”

ಇನ್ನುಳಿದವನು ಗಂಡ. ಅವನು ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಅವಳು ಏನೂ ಕೇಳುವ ಮೊದಲೇ ಅಂದ, “ಅಮ್ಮ ಅತ್ತುಬಿಟ್ಲು ಕಣೇ. ಏನು ಮಾಡ್ಲಿ?”

“ನನ್ನ ಹೆಸರು ಹೇಳಿದ್ರಲ್ಲ? ನಾನು ಕದ್ದು ಕಳಿಸ್ದೆ ಅಂತ ಹೇಳಿದ್ರಲ್ಲ?”

“ಇಲ್ಲದಿದ್ರೆ ದೊಡ್ಡಮ್ಮ ತಗೊಳ್ತಿರ್ಲಿಲ್ಲ. ತಂಗಿ ಬಾಯಿಂದ ಕಿತ್ಕೊಂಡ ಹಾಗೆ ಅಂತ ಬೇಡ ಅಂತಿದ್ರು. ನೀನು ಬೇರೆ ಕಳಿಸ್ತಿದೀಯ ಅಂದ ಮೇಲೇ ಒಪ್ಕೊಂಡಿದ್ದು.”

“ದಿನಾ ನನ್ನ ಪಕ್ಕ ಮಲಗ್ತಿದ್ದೆ ನೀನು!”

ಮದುವೆಯಾದಾಗಿನಿಂದ ಗಂಡನನ್ನು ಅವಳು ‘ನೀನು’ ಅಂದದ್ದು ಅದೇ ಮೊದಲು. ಯಾರೂ ತಿದ್ದಲಿಲ್ಲ. ಮನೆಯವರೆಲ್ಲ ಸೇರಿ ತನ್ನ ಕಣ್ಣಿಗೆ ಮಣ್ಣೆರಚಿದ್ದರು, ಅದೂ ತಾನು ಹತ್ತು ವರ್ಷ ಅರೆದು ಸೋಸಿ ಮಾಡಿದ ವಸ್ತುವಿನಿಂದ. ಅವಳು ಮತ್ತೆ ಅತ್ತೆಯ ಕಡೆ ತಿರುಗಿದಳು.

“ನೀವು ನುಂಗ್ತಿದ್ದದ್ದು ಔಷಧಿಯೋ ಹಿಟ್ಟೋ, ಅದೇ ಗೊತ್ತಿಲ್ಲ ಅತ್ತೆ ನಮಗೆ. ಔಷಧಿಯೇ ಆಗಿದ್ರೆ, ಅರ್ಧ ತಗೊಂಡು ನಿಮಗೂ ನಾಟಿರಲ್ಲ, ದೊಡ್ಡತ್ತೆಗೆ ಕಿಡ್ನಿ ಹೋಗತ್ತೆ.”

ಈಗ ಕತ್ತಿ ಪೂರ್ತಿ ನಿಂತಿತು.

“ಗೊತ್ತಿಲ್ಲ ಅಂದ್ರೆ?”

“ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಡಾಕ್ಟರಮ್ಮ ಹೇಳಿದ್ರಲ್ಲ.”

“ಅವರು ಎಲ್ಲರ ಎದುರಿಗೆ ಹಾಗೆ ಹೇಳ್ತಾರೆ. ಅದು ಹೊರಗಿನೋರಿಗೆ.” ಅತ್ತೆ ಎದ್ದು ನಿಂತರು. “ಅಡುಗೆ ಮಾಡಿದೋಳು ಸ್ವಂತ ಮನೆಯೋರಿಗೆ ಖಾಲಿ ತಟ್ಟೆ ಇಡ್ತಾಳಾ? ನೀನು ನೋಡ್ಕೊಂಡಿರ್ತೀಯ ಅಂತ ನಾನು… ದಿನಾ ಬೆಳಿಗ್ಗೆ ಎದುರಿಗೆ ನಿಂತ್ಕೊಂಡು ನಾಲಿಗೆ ತೋರ್ಸಿ ಅಂತಿದ್ದೆ. ಹಿಟ್ಟೇ ಇರಬಹುದು ಅಂತ ಗೊತ್ತಿದ್ದೂ ನುಂಗಿಸ್ತಿದ್ಯಾ?”

“ಅದೇ ನಿಯಮ ಅತ್ತೆ. ಎಲ್ಲರಿಗೂ ಒಂದೇ.”

“ಎಲ್ಲರಿಗೂ ಒಂದೇ! ಹಾಗಾದ್ರೆ ನಾನು ನಿನಗೇನು? ಎಲ್ಲರ ಹಾಗೆ ನಾನೂ ಒಬ್ಬಳಾ?”

ಬದನೆಕಾಯಿ ಹೆಚ್ಚಿದ್ದು ಹೆಚ್ಚಿದಂತೆಯೇ ಕಪ್ಪಾಯಿತು. ಅವತ್ತು ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕತ್ತಲಾಗುವ ಹೊತ್ತಿಗೆ ಗಂಡ ಬ್ರೆಡ್ಡು ತಂದ. ಮಾವ ಒಬ್ಬರೇ ತಿಂದರು.

“ಸುಮ್ಮನೆ ದೊಡ್ಡಮ್ಮನಿಗೆ ಕೊಡೋದು ನಿಲ್ಲಿಸಿದ್ರೆ ಆಯ್ತಲ್ಲ,” ಅಂದ ಗಂಡ. “ಆಸ್ಪತ್ರೇಲಿ ಹೇಳೋದು ಯಾಕೆ? ಅಮ್ಮನ್ನ ತೆಗೆದುಹಾಕ್ತಾರೆ. ನಿಜವಾದ ಔಷಧಿಯೇ ಆಗಿದ್ರೆ? ಅದೂ ತಪ್ಪಿಹೋಗತ್ತೆ.”

“ದೊಡ್ಡತ್ತೆ ಹೊಟ್ಟೇಲಿ ಏನು ಹೋಗಿದೆ ಅಂತ ಗೊತ್ತಿಲ್ಲದೆ ಅವರಿಗೆ ಹೇಗೆ ಚಿಕಿತ್ಸೆ ಕೊಡ್ತಾರೆ?”

“ಎರಡು ದಿನ ತಡಿ. ಊತ ಇಳೀಬಹುದು.”

“ಇಳೀದಿದ್ರೆ?”

ಅವನು ಕೆಟ್ಟವನಲ್ಲ. ಅಮ್ಮ ಅತ್ತರೆ ಅಮ್ಮನ ಕಡೆ, ಹೆಂಡತಿ ಅತ್ತರೆ ಹೆಂಡತಿಯ ಕಡೆ. ಇಬ್ಬರೂ ಒಟ್ಟಿಗೆ ಅತ್ತರೆ ಸ್ಕೂಟರ್ ತೆಗೆದುಕೊಂಡು ಹೊರಗೆ.

ಮಾರನೇ ಬೆಳಿಗ್ಗೆ ಸೊಸೆ ಆಟೋದಲ್ಲಿ ದೊಡ್ಡತ್ತೆಯನ್ನು ಕರೆದುಕೊಂಡು ಹೋದಳು. ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತೆಯ ಹೆಸರನ್ನು ಅವರ ಟ್ರಯಲಿನಿಂದ ತಾನೇ ಒರೆಸುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ದೊಡ್ಡತ್ತೆಯನ್ನು ಅಲ್ಲೇ ಸೇರಿಸಿಕೊಂಡರು. ವಿಚಾರಿಸಲು ಬಂದವರಿಗೆಲ್ಲ ಆ ಮುದುಕಿ ಕಣ್ಣಲ್ಲಿ ನೀರು ತಂದುಕೊಂಡು ಒಂದೇ ಮಾತು ಹೇಳಿದರು. “ನನ್ನ ತಂಗಿ ಸೊಸೆ, ಚಿನ್ನದಂಥ ಹುಡುಗಿ. ಅವಳೇ ಕಳಿಸ್ತಿದ್ದಳು. ಅವಳಿಗೇನೂ ಮಾಡ್ಬೇಡಿ.”

ಇದಕ್ಕಿಂತ ಒಳ್ಳೇ ಸಾಕ್ಷಿ ಯಾರಿಗೆ ಬೇಕು? ವಾರ ಮುಗಿಯುವುದರೊಳಗೆ ಲ್ಯಾಬಿನ ಮುಖ್ಯಸ್ಥರು ಸೊಸೆಯನ್ನು ಕರೆದರು. ವಿಚಾರಣೆ ಮುಗಿಯುವವರೆಗೆ ಸ್ಪಂಜಿನ ಕೋಣೆಗೆ ಬರಬಾರದು ಅಂದರು, ಕಣ್ಣಿಗೆ ಕಣ್ಣು ಕೊಡದೆ. ಅವಳ ಕಾರ್ಡು ತೋರಿಸಿದರೆ ಆ ಬಾಗಿಲು ತೆರೆಯದಾಯಿತು. ಕೆಳಗಿನ ಮಹಡಿಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟರು.

“ನೀವು ಹೋಗಿ ಒಂದು ಮಾತು ಹೇಳಿ,” ಅಂದಳು ಗಂಡನಿಗೆ. “ನಾನೇ ಕೊಂಡೊಯ್ದೆ, ಅವಳಿಗೆ ಗೊತ್ತಿರಲಿಲ್ಲ ಅನ್ನಿ. ಅಷ್ಟು ಸಾಕು.”

“ಹೇಳ್ತೀನಿ. ಅಮ್ಮನ ಹೆಸರು ಬರತ್ತಲ್ಲ ಅಂತ ಯೋಚ್ನೆ.”

“ನಿಮ್ಮ ಹೆಸರು ಹೇಳಿ ಸಾಕು.”

“ಹೇಳ್ತೀನಿ ಅಂದ್ನಲ್ಲ. ಈ ಹೋಟೆಲಿನ ಕೆಲಸ ಮುಗೀಲಿ.”

ಹೋಟೆಲಿನ ಕೆಲಸ ಮುಗಿಯಿತು, ಬೇಕರಿಯದು ಬಂತು. ಅವನು ಹೋಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಎದ್ದು ತನ್ನ ಗಂಜಿ ತಾನೇ ಕಾಯಿಸಿ ಕುಡಿದು ಹೊರಡುತ್ತಿದ್ದಳು. ಸಂಜೆ ಬಂದರೆ ಅಡುಗೆ ಆಗಿರುತ್ತಿತ್ತು, ಮುಚ್ಚಿಟ್ಟಿರುತ್ತಿತ್ತು, ಬಡಿಸುವವರು ಇರುತ್ತಿರಲಿಲ್ಲ. ಮೀನಿದ್ದರೆ ಬಾಲದ ತುಂಡು ಇರುತ್ತಿತ್ತು.

ಕಡೆಗೆ ಅವಳನ್ನು ಬಿಡಿಸಿದವರು ಅತ್ತೆಯೇ. ಬಿಡಿಸಿದ ರೀತಿ ಕೇಳಿ. ಟ್ರಯಲಿನಿಂದ ಕೈಬಿಡುವ ದಿನ ಡಾಕ್ಟರಮ್ಮ ಅತ್ತೆ ಸೊಸೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, “ಮಾತ್ರೆ ಕೊಟ್ಟಿದ್ದು ಯಾರು?” ಅಂದರು.

“ನಾನು,” ಅಂದರು ಅತ್ತೆ.

“ನಿಮ್ಮ ಸೊಸೆ ಕಳಿಸಿದ್ದು ಅಂತ ನಿಮ್ಮ ಅಕ್ಕ ಹೇಳ್ತಾರೆ.”

“ಇವಳಾ?” ಅತ್ತೆ ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ. “ಇವಳು ಕೊಡೋಳಾಗಿದ್ರೆ ನಾನ್ಯಾಕೆ ಕದೀಬೇಕಿತ್ತು? ಹೆತ್ತ ತಾಯಿ ಬಂದು ಕೈಯೊಡ್ಡಿದ್ರೂ ನಿಯಮ ಏನು ಅಂತ ಕೇಳೋ ಹೆಂಗಸು ಇದು.”

ಇನ್ಯಾವ ಪ್ರಮಾಣಪತ್ರ ಬೇಕು? ಡಾಕ್ಟರಮ್ಮ ಬರೆದುಕೊಂಡರು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಕೆಲಸ ಉಳಿಯಿತೆಂದು ಸಂತೋಷಪಡಲು ಆಗಲಿಲ್ಲ.

“ನಿಮ್ಮ ಅಕ್ಕನ ಚಿಕಿತ್ಸೆಗೋಸ್ಕರ ನಾವು ಗುಟ್ಟು ಒಡೀಬೇಕಾಯ್ತು,” ಅಂದರು ಡಾಕ್ಟರಮ್ಮ. “ನಿಮಗೆ ಹೇಳದೇ ಇರೋದು ಸರಿಯಲ್ಲ. ನಿಮಗೆ ಬಂದಿದ್ದು ನಿಜವಾದ ಔಷಧಿ ಅಮ್ಮ. ಹಿಟ್ಟಲ್ಲ. ಇನ್ನು ಕೊಡೋಕೆ ಬರಲ್ಲ.”

ಸೊಸೆಗೆ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಹತ್ತು ವರ್ಷದಲ್ಲಿ ತಾನು ಮಾಡಿದ್ದು ಬಂದು ಬಂದು ತನ್ನ ಮನೆಯ ಮೇಜಿನ ಮೇಲೇ ಬಿದ್ದಿತ್ತು. ಅರ್ಧ ಇಲ್ಲಿ, ಅರ್ಧ ಅಲ್ಲಿ, ಯಾರಿಗೂ ಇಡಿಯಾಗಿ ದಕ್ಕದೆ ಹೋಗಿತ್ತು.

ಅತ್ತೆ ಕೇಳಿದರು, “ಅಂದ್ರೆ ಅಕ್ಕನಿಗೂ ನಿಜವಾದ್ದೇ ಸಿಕ್ತು?”

“ಅದಕ್ಕೇ ಅಲ್ವಾ ಅಮ್ಮ ಅವರ ಕಿಡ್ನಿ ಹೀಗಾಗಿದ್ದು?”

ಅತ್ತೆಯ ಮುಖ ಬಿಳಿಚಿಕೊಂಡಿತು. ಮೆಟ್ಟಿಲು ಇಳಿಯುವಾಗ ಸೊಸೆ ಕೈ ಹಿಡಿಯಲು ಹೋದಳು. ಅತ್ತೆ ಕೈ ಕೊಡವಿಕೊಂಡರು.

“ಒಂದು ಸಲ ನನ್ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ ಅತ್ತೆ?”

“ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ.”

ದೊಡ್ಡತ್ತೆಯ ಊತ ಇಳಿಯಿತು, ಆದರೆ ಕಿಡ್ನಿ ಮೊದಲಿನಂತೆ ಆಗಲಿಲ್ಲ. ವಾರಕ್ಕೆರಡು ಸಲ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಬೇಕಾಯಿತು. ಅತ್ತೆ ಪ್ರತಿ ಸಲವೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದರು, ಊಟದ ಡಬ್ಬಿ ಹಿಡಿದು. ತಾನು ಮಾಡಿದ ತಪ್ಪಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಕಷ್ಟ. ಸೊಸೆಯ ಮೇಲೆ ಸುಲಭ. ಮನೆಯಲ್ಲಿ ಅತ್ತೆ ಸೊಸೆಯ ಹತ್ತಿರ ಮಾತು ಬಿಟ್ಟರು. ಹೇಳಬೇಕಾದ್ದನ್ನು ಗೋಡೆಗೋ ಮಾವನಿಗೋ ಹೇಳುತ್ತಿದ್ದರು. “ಉಪ್ಪು ಮುಗೀತು ಅಂತ ಹೇಳಿ ಅವಳಿಗೆ.” ಅವಳು ಅಲ್ಲೇ ಪಕ್ಕದಲ್ಲಿ ಪಾತ್ರೆ ಉಜ್ಜುತ್ತಿರುತ್ತಿದ್ದಳು.

ಅಷ್ಟರಲ್ಲಿ ಅತ್ತೆಯ ಸ್ಕ್ಯಾನ್ ಮಾಡಿಸುವ ದಿನ ಬಂತು. ರೋಗ ಎಲ್ಲಿಗಾದರೂ ಹೊರಟಿದೆಯೋ ಇಲ್ಲವೋ ಅದರಲ್ಲಿ ಕಾಣುತ್ತದೆ. ಗಂಡ ಕರೆದುಕೊಂಡು ಹೋದ. “ಅವಳು ಬರೋದು ಬೇಡ” ಅಂದರಂತೆ ಅತ್ತೆ.

ಆಮೇಲಿನ ದಿನಗಳು ಸೊಸೆಗೆ ಹೇಗೆ ಕಳೆದವೋ. ಆ ಕಣಗಳು ಹೊರಟರೆ ಎಲ್ಲೆಲ್ಲಿಗೆ ಹೋಗುತ್ತವೆ, ಹೋದರೆ ಏನಾಗುತ್ತದೆ ಎಂಬುದೆಲ್ಲ ಬಾಯಿಪಾಠ ಬರುವವಳಿಗೆ ಕಾಯುವುದು ದೊಡ್ಡ ಶಿಕ್ಷೆ. ಅತ್ತೆ ಕೆಮ್ಮಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಅವರ ಕಡೆಯೇ ನೋಡುತ್ತಿದ್ದಳು. ಸೊಂಟ ಹಿಡಿದುಕೊಂಡರೆ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ತಾನು ಹೇಳದೆ ಇದ್ದಿದ್ದರೆ ಔಷಧಿ ಇನ್ನೂ ನಡೆಯುತ್ತಿತ್ತು ಎಂಬುದು ಊಟಕ್ಕೆ ಕೂತಾಗಲೆಲ್ಲ ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದಳು. ಆಸ್ಪತ್ರೆಗೆ ಹೋಗಿ ಕೇಳಬಹುದಿತ್ತು, ಆದರೆ ಅತ್ತೆಯ ವಿವರ ನೋಡಬಾರದೆಂದು ಅವಳಿಗೆ ಹೇಳಿದ್ದರು. ನೋಡಲಿಲ್ಲ.

“ರಿಪೋರ್ಟ್ ಬಂತಾ?” ಅಂತ ದಿನಾ ಗಂಡನನ್ನು ಕೇಳುತ್ತಿದ್ದಳು.

“ಇನ್ನೂ ಇಲ್ಲ.”

“ಇಷ್ಟು ದಿನ ಆಗಲ್ವಲ್ಲ. ಏನೋ ಕಂಡಿರಬೇಕು, ಅದಕ್ಕೇ ಇನ್ನೊಬ್ಬರಿಗೆ ತೋರಿಸ್ತಿದ್ದಾರೆ.”

“ಇನ್ನೂ ಬಂದಿಲ್ಲ ಅಂದ್ನಲ್ಲ.”

ಅವಳು ನಂಬಿದಳು. ಇಷ್ಟೆಲ್ಲ ಆದ ಮೇಲೂ ನಂಬಿದಳು ನೋಡಿ!

ಒಂದು ಸಂಜೆ ಸ್ಪಂಜಿನ ಕೋಣೆಯ ಬಾಗಿಲು ಅವಳ ಕಾರ್ಡಿಗೆ ಮತ್ತೆ ತೆರೆಯಿತು. ಮುಖ್ಯಸ್ಥರು ಕೈಕುಲುಕಿದರು. ಆ ಸುದ್ದಿ ಹೇಳಬೇಕೆಂದು ಬೇಗ ಮನೆಗೆ ಬಂದರೆ ಮಾವ ಒಬ್ಬರೇ ಅಡುಗೆಮನೆಯಲ್ಲಿ ನಿಂತು, ಬೇಕರಿಯ ದೊಡ್ಡ ಡಬ್ಬಿಯೊಳಗೆ ಚಮಚ ಹಾಕಿ ತಳದಲ್ಲಿ ಅಂಟಿದ್ದ ಕೆನೆ ಕೆರೆದು ತಿನ್ನುತ್ತಿದ್ದರು.

“ಏನು ಮಾವ, ಕೇಕು? ಯಾರ ಹುಟ್ಟುಹಬ್ಬ?”

“ಹುಟ್ಟುಹಬ್ಬ ಅಲ್ಲಮ್ಮ, ಮೊನ್ನೆ ರಿಪೋರ್ಟ್ ಬಂತಲ್ಲ, ಅದಕ್ಕೆ ಅಂತ ನಿನ್ನ ಗಂಡ…” ಮಾವ ಅಲ್ಲಿಗೆ ನಿಲ್ಲಿಸಿದರು. ಚಮಚ ಬಾಯಲ್ಲೇ ಉಳಿಯಿತು.

“ರಿಪೋರ್ಟ್ ಬಂತಾ?”

“ಎಲ್ಲೂ ಏನೂ ಇಲ್ವಂತೆ. ಎಲ್ಲೂ ಹೋಗಿಲ್ವಂತೆ. ಶುದ್ಧವಾಗಿದೆಯಂತೆ.” ಮಾವ ಡಬ್ಬಿ ಮುಚ್ಚಿದರು. “ನಿನಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ.”

ಅವಳಿಗೆ ಮೊದಲು ಬಂದದ್ದು ಸಂತೋಷವೇ. ಮೈಯೆಲ್ಲ ಸಡಿಲವಾಗುವಂಥ ಸಂತೋಷ. ಕಣ್ಣಲ್ಲಿ ನೀರು ಧಾರೆಯಾಯಿತು. ಅತ್ತೆ ಬದುಕುತ್ತಾರೆ, ಸದ್ಯಕ್ಕಂತೂ ಬದುಕುತ್ತಾರೆ ಅಂತ ಒಳಗೊಳಗೇ ಹೇಳಿಕೊಂಡಳು. ಅದರ ಬೆನ್ನಿಗೇ ಇನ್ನೊಂದು ಬಂತು. ಮೊನ್ನೆ ಎಲ್ಲರೂ ಸೇರಿ ಕೇಕು ಕತ್ತರಿಸಿದ್ದಾರೆ. ಮೊನ್ನೆ ಸಂಜೆಯೂ, ನಿನ್ನೆಯೂ, ಇವತ್ತು ಬೆಳಿಗ್ಗೆಯೂ ಗಂಡ ‘ಇನ್ನೂ ಬಂದಿಲ್ಲ’ ಅಂದಿದ್ದಾನೆ.

ಅತ್ತೆ ಒಳಗಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

“ನಾನು ದಿನಾ ಕೇಳ್ತಿದ್ದೆ ಅತ್ತೆ. ನಿಮ್ಮ ಮಗನ್ನ ದಿನಾ ಕೇಳ್ತಿದ್ದೆ.”

ಅತ್ತೆ ಇನ್ನೊಂದು ಬಟ್ಟೆ ಎತ್ತಿ ಕೊಡವಿ ಮಡಿಸಿದರು.

“ಒಂದು ಮಾತು. ‘ಏನಿಲ್ವಂತೆ’ ಅಂತ ಒಂದು ಮಾತು. ನನಗೆ ಅನ್ನ ಇಳೀತಿರ್ಲಿಲ್ಲ. ನೀವು ಕೆಮ್ಮಿದ್ರೆ ಜೀವ ಹೋಗ್ತಿತ್ತು. ಈ ಎರಡು ದಿನ ನಾನು ಹೇಗಿದ್ದೆ ಅಂತ ನಿಮಗೆ ಗೊತ್ತಾ?”

ಬಹಳ ದಿನದ ಮೇಲೆ ಅತ್ತೆ ಅವಳ ಕಡೆ ನೇರ ನೋಡಿ ಮಾತಾಡಿದರು.

“ಗೊತ್ತಿತ್ತು,” ಅಂದರು. “ನೋಡ್ತಾನೇ ಇದ್ದೆ.”